ಬಲಗಣ್ಣಿನ ಸುತ್ತಲ ದೀಪಗಳು

ನನ್ನ ಪರಿಚಯದವರಲ್ಲಿ ಸಮುದ್ರ ಕಂಡವರು ಒಬ್ಬರೇ. ಅವರೂ ಅದನ್ನು ಕಂಡದ್ದು ತಟ್ಟೆಯಲ್ಲಿ.

“ಮೂರು ವರ್ಷ ಹಡಗಿನ ಮ್ಯಾಲಿದ್ದೆ ಮೇಷ್ಟ್ರೇ. ಒಂದು ದಿನಾನೂ ಕಂಬಿ ಹಿಡಿದು ಕೆಳಗೆ ಬಗ್ಗಿ ನೋಡಲಿಲ್ಲ. ಎಲ್ಲಿ ಬೀಳ್ತೀನೋ ಅಂತ ಜೀವಭಯ. ಬಲೇಲಿ ಬಂದಿದ್ದನ್ನ ತಟ್ಟೇಲಿ ಹಾಕಿ ತಂದುಕೊಡೋರು. ನಾನು ಕಂಡ ಸಮುದ್ರ ಅಷ್ಟೇಯ. ಅಷ್ಟಕ್ಕೇ ಸಾಕಾಗಿ ಹೋಯ್ತು,” ಎನ್ನುತ್ತಿದ್ದರು.

ಹೋದ ಸೋಮವಾರ ಮೊಳಕಾಲ್ಮೂರಿನಿಂದ ಸೀರೆಗಂಟು ಹೊತ್ತು ಬಂದ ವ್ಯಾಪಾರಿಯೊಬ್ಬ ನಮ್ಮ ಜಗಲಿಯ ಮೇಲೆ ಗಂಟು ಇಳಿಸಿ, ನೀರು ಕುಡಿದು, ಬಾಯೊರೆಸಿಕೊಂಡು, “ನಿಮ್ಮ ಬಣ್ಣದ ಮೇಷ್ಟ್ರು ಹೋಗಿಬಿಟ್ರಲ್ಲ ಸಾಮಿ,” ಎಂದ. ನನ್ನ ಹೆಂಡತಿ ಅಯ್ಯೋ ಎಂದಳು. ನನಗೆ ಮೊದಲು ಆದದ್ದು ದುಃಖವಲ್ಲ, ಹೆದರಿಕೆ. ಅವರಿಗೆ ಹೇಳಬೇಕಾಗಿದ್ದ ಒಂದು ಮಾತು ನನ್ನಲ್ಲಿ ಬಹಳ ವರ್ಷಗಳಿಂದ ಉಳಿದಿತ್ತು. ಕೇಳುವ ಆಸಾಮಿಯೇ ಹೊರಟುಹೋದ ಮೇಲೆ ಅದನ್ನು ಇಟ್ಟುಕೊಂಡು ನಾನು ಏನು ಮಾಡಲಿ?

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಬಂಧುಗಳು ಓದುತ್ತಾರೆ, ಓದಿದರೆ ಬರುತ್ತಾರೆ, ಬಂದರೆ ನಾನು ಅವರೆದುರು ಕೂರಬೇಕಾಗುತ್ತದೆ. ಅದಕ್ಕೂ ನನಗೆ ಹೆದರಿಕೆಯೇ.

ಹೆದರಿಕೆಯಲ್ಲಿ ನನಗಿರುವ ಯೋಗ್ಯತೆಯನ್ನು ಇಲ್ಲೇ ಅರಿಕೆ ಮಾಡಿಕೊಳ್ಳುವುದು ಒಳ್ಳೆಯದು. ನಾನು ಚಳ್ಳಕೆರೆಯ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾಗಿದ್ದೆ. ಇನ್ಸ್‌ಪೆಕ್ಟರಿಗೆ, ಎಮ್ಮೆಗೆ, ಗುಡುಗಿಗೆ, ಹೆಡ್‌ಮಾಸ್ತರರ ಕೆಮ್ಮಿಗೆ, ಹೀಗೆ ಯಾವ ಭೇದಭಾವವೂ ಇಲ್ಲದೆ ಎಲ್ಲಕ್ಕೂ ಸಮಾನವಾಗಿ ಹೆದರುತ್ತಿದ್ದೆ. ಹಡಗು ಬಿಟ್ಟು ನಮ್ಮ ಶಾಲೆಗೆ ಡ್ರಾಯಿಂಗ್ ಮೇಷ್ಟ್ರಾಗಿ ಬಂದ ಅವರು, ಇಂಥವನ ಕುರ್ಚಿಯ ಹಿಂದಿನ ಬೀರುವಿನ ಮೇಲೆ ತಮ್ಮ ಗಾಜಿನ ಭರಣಿಯನ್ನು ತಂದಿಟ್ಟರು.

ಅವರು ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಮನೆಯವರು. ಮನೆಮಾತು ತೆಲುಗು. ಬೆರಳುಗಳ ಸಂದಿಯಲ್ಲಿ ಬಣ್ಣದ ಗಡಿಗೆಯ ಕೆಂಪು ಕೊನೆಯವರೆಗೂ ಹೋಗಲಿಲ್ಲ. ಹರೆಯದಲ್ಲಿ ಸೋದರಮಾವನ ಜೊತೆ ಸೀರೆ ಮಾರಲು ಮದರಾಸಿಗೆ ಹೋಗಿದ್ದರಂತೆ. ಅಲ್ಲಿ ಸಮುದ್ರದ ಆಳ ಅಳೆಯುವ ಒಂದು ಹಡಗಿನ ಡಾಕ್ಟರು ಅಂಗಡಿಗೆ ಬಂದು, ತಮ್ಮ ಜೇಬಿನಿಂದ ಒಂದು ಕವಡೆಯನ್ನು ತೆಗೆದು, ಈ ಬಣ್ಣದ ರೇಷ್ಮೆ ಇದೆಯೇ ಎಂದು ತಮಾಷೆಗೆ ಕೇಳಿದರಂತೆ. ಇವರು ಲಡಿಗಳ ರಾಶಿಗೆ ಕೈ ಹಾಕಿ ಮೂರು ಎಳೆ ಹಿರಿದು, ಒಂದಕ್ಕೊಂದು ಹೊಸೆದು ಕವಡೆಯ ಮೇಲಿಟ್ಟರು. ಎಳೆ ಎಲ್ಲಿದೆ, ಕವಡೆ ಎಲ್ಲಿದೆ ಎಂದು ಡಾಕ್ಟರಿಗೆ ತಿಳಿಯಲಿಲ್ಲ. ಮೂರನೆಯ ದಿನ ಇವರು ಹಡಗಿನಲ್ಲಿದ್ದರು.

ಅಲ್ಲಿ ಅವರ ಕೆಲಸವೇ ಅದು. ಆಳದಿಂದ ಬಂದ ಪ್ರಾಣಿಯನ್ನು ಸ್ಪಿರಿಟ್ಟಿಗೆ ಹಾಕಿದರೆ ಬಣ್ಣ ಬಿಟ್ಟು ಬಿಳಿಚಿಕೊಳ್ಳುತ್ತದೆ. ಆದ್ದರಿಂದ ಅದು ತಟ್ಟೆಗೆ ಬಿದ್ದ ಕೂಡಲೇ ಇವರು ಅದರ ಬೆನ್ನಿಗೆ, ಹೊಟ್ಟೆಗೆ, ತೋಳಿಗೆ ಒಂದೊಂದು ಎಳೆ ಹೊಂದಿಸಿ, ಗಂಟು ಹಾಕಿ, ಭರಣಿಯ ಕೊರಳಿಗೆ ಕಟ್ಟಬೇಕು. “ಬ್ಯಾರೆ ಹಡಗಿನೋರು ಕೆಂಪು, ನಸುಗೆಂಪು ಅಂತ ಬರಕೊಳ್ಳೋರು. ನಸುಗೆಂಪಂತೆ! ಸೀರೆ ಕೊಳ್ಳೋ ಹೆಂಗಸಿನ ಮುಂದೆ ಹಂಗಂದ್ರೆ ಮಗ್ಗ ಮಾರಿಕೊಂಡು ಹೋಗಬೇಕಾಗ್ತೈತೆ,” ಎನ್ನುತ್ತಿದ್ದರು.

ಭರಣಿಯೊಳಗಿದ್ದ ಪ್ರಾಣಿಗೆ ಡಾಕ್ಟರು ಸ್ಕ್ವಿಡ್ ಎನ್ನುತ್ತಿದ್ದರಂತೆ. ಮಂಗಳೂರಿನ ಕಡೆ ಅದರ ಜಾತಿಯವಕ್ಕೆ ಬೊಂಡಾಸ ಎಂದು ಹೆಸರು, ಸಾರೂ ಮಾಡುತ್ತಾರೆ. ನಮ್ಮ ಸೀಮೆಯಲ್ಲಿ ಹೆಸರಿಲ್ಲ. ಹೆಸರಿಡುವಷ್ಟು ಸಲಿಗೆ ಅದಕ್ಕೂ ನಮಗೂ ಇರಲಿಲ್ಲ. ಗೇಣುದ್ದದ ಮೈ. ಕಾಲುಗಳೆಲ್ಲ ತಲೆಯಿಂದಲೇ ಹೊರಟಿದ್ದವು, ಎಂಟು. ಅವಲ್ಲದೆ ಹಗ್ಗದಂಥ ಎರಡು ಉದ್ದನೆಯ ಕೈ. ನಡುವೆ ಗಿಳಿಯ ಕೊಕ್ಕಿನಂಥ ಬಾಯಿ. ಮೈತುಂಬ ಸಾಸಿವೆ ಚೆಲ್ಲಿದಂತೆ ಬೊಟ್ಟುಗಳು. ಇಷ್ಟನ್ನು ಹೇಗೋ ಸಹಿಸಬಹುದಿತ್ತು. ಆದರೆ ಅದರ ಎಡಗಣ್ಣು ನಿಂಬೆಹಣ್ಣಿನಷ್ಟು, ಬಲಗಣ್ಣು ಅಡಿಕೆಯಷ್ಟು. ದೊಡ್ಡ ಕಣ್ಣು ನನ್ನ ಹೆಡತಲೆಯ ಮೇಲೇ ಇತ್ತು. ಕುರ್ಚಿ ತಿರುಗಿಸಿ ಕೂತರೆ ಹೆಡ್‌ಮಾಸ್ತರರಿಗೆ ಬೆನ್ನು ಕೊಟ್ಟಂತಾಗುತ್ತಿತ್ತು. ಎರಡು ಹೆದರಿಕೆಗಳ ನಡುವೆ ಯಾವುದು ಹೆಚ್ಚು ಗೌರವಯುತವೆಂದು ಯೋಚಿಸಿ ನಾನು ಪ್ರಾಣಿಗೇ ಬೆನ್ನು ಕೊಟ್ಟೆ.

“ಒಂದು ಕಣ್ಣು ದೊಡ್ಡದು ಯಾಕೆ ಮೇಷ್ಟ್ರೇ?” ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ.

“ಮ್ಯಾಲಿನ ಬೆಳಕು ನೋಡಾಕೆ ದೊಡ್ಡದು, ಕೆಳಗಿನ ಕಿಡಿ ನೋಡಾಕೆ ಸಣ್ಣದು. ನನಗೆ ಹಂಗನ್ನಿಸ್ತೈತೆ. ಡಾಕ್ಟರು ಕೇಳಿ ನಕ್ಕರು. ಅವರಿಗೂ ಗೊತ್ತಿಲ್ಲ. ಗೊತ್ತಿಲ್ದಾಗ ಅವರು ನಗೋರು.”

“ಕೆಳಗೆ ಕಿಡಿ ಎಲ್ಲಿಂದ ಬಂತು?”

ಅದನ್ನು ನಾನು ಕೇಳಬಾರದಿತ್ತು. ಅವರು ಸೀಮೆಸುಣ್ಣ ಕೆಳಗಿಟ್ಟು ನನ್ನ ಪಕ್ಕಕ್ಕೇ ಬಂದು ಕೂತರು. “ನಮ್ಮ ಶಾಲೆಯಿಂದ ಕೆರೆ ಏರಿಗೆ ಹೋಗೋ ದಾರಿ ಐತಲ್ರೀ, ಅದನ್ನ ಎತ್ತಿ ನೆಟ್ಟಗೆ ಕೆಳಕ್ಕೆ ಇಳಿಸ್ರಿ. ಅಲ್ಲಿಗೆ ಸೂರ್ಯನ ಬೆಳಕು ಮುಗೀತು. ಅದರ ಕೆಳಗೆ ಇನ್ನೂ ಅಂಥ ನಾಲ್ಕು ದಾರಿ ಐತೆ, ಬರೀ ಕತ್ತಲು. ಅಲ್ಲಿ ದೀಪ ಬೇಕಂದ್ರೆ ಮೈಮ್ಯಾಲೇ ಹಚ್ಚಿಕೊಬೇಕು. ಈ ಬೊಟ್ಟು ಕಾಣ್ತಾವಲ್ಲ, ಒಂದೊಂದೂ ದೀಪ. ಬಲೆಯಿಂದ ತೆಗೆದಾಗ ಇನ್ನೂ ಒಂದೆರಡು ಉರೀತಿದ್ವು ಮೇಷ್ಟ್ರೇ. ನೀಲಿ. ಆ ನೀಲಿಗೆ ಎಳೆ ಸಿಗಲಿಲ್ಲ ನನಗೆ. ಅದೊಂದಕ್ಕೇ.”

ಅದರ ಮೈ ಜೀವವಿದ್ದಾಗ ಅಪ್ಪಟ ಕಿರಮಂಜಿ ಕೆಂಪಂತೆ. ಮೊಳಕಾಲ್ಮೂರಿನಲ್ಲಿ ಹೆಣ್ಣುಮಕ್ಕಳು ನಾಲ್ಕು ಜನ ನೋಡಲಿ ಎಂದು ಆ ಬಣ್ಣ ಉಡುತ್ತಾರೆ. ಈ ಪ್ರಾಣಿ ಅದನ್ನು ಉಡುವುದು ಯಾರೂ ನೋಡದಿರಲಿ ಎಂದು. ಆ ಆಳದಲ್ಲಿ ಕೆಂಪು ಕಪ್ಪಾಗಿಬಿಡುತ್ತದೆ. ಇದರ ಬಳಗದಲ್ಲಿ ಗಾಜಿನಂತೆ ಆರಪಾರ ಕಾಣುವವು ಇವೆ, ತೋಳಿನಲ್ಲಿ ಬೆಕ್ಕಿನ ಉಗುರಿದ್ದವು ಇವೆ, ಕೊಡೆಯಂತೆ ತೋಳುಗಳ ನಡುವೆ ಚರ್ಮ ಬೆಳೆಸಿಕೊಂಡವು ಇವೆ. ಎತ್ತಿನ ಗಾಡಿಗಿಂತ ಉದ್ದನೆಯವು ಇವೆಯೆಂದು ತಿಮಿಂಗಿಲದ ಹೊಟ್ಟೆಯಲ್ಲಿ ಸಿಕ್ಕ ಕೊಕ್ಕುಗಳಿಂದ ತಿಳಿಯುತ್ತದಂತೆ. ಉಳ್ಳಾರ್ತಿ ಕಾವಲಿನ ದನ ಬೆಳಗ್ಗೆ ಹೊರಟು ಸಂಜೆ ತಿರುಗುವಂತೆ, ಇವುಗಳಲ್ಲಿ ಅನೇಕವು ಹೊತ್ತು ಮುಳುಗಿದರೆ ಮೇಲಕ್ಕೆ ಮೇಯಲು ಬಂದು, ಹೊತ್ತು ಹುಟ್ಟುವುದರೊಳಗೆ ಆಳಕ್ಕೆ ಇಳಿಯುತ್ತವಂತೆ. ಇದನ್ನು ಕೇಳಿದ ಮೇಲೆ ನಾನು ಸಂಜೆ ಬಾವಿಕಟ್ಟೆಗೆ ಹೋಗುವುದನ್ನು ನಿಲ್ಲಿಸಿದೆ.

“ಅದಕ್ಕೆ ಮೂರು ಗುಂಡಿಗೆ,” ಎಂದರು ಇನ್ನೊಂದು ದಿನ, ಬುತ್ತಿ ಬಿಚ್ಚುವಾಗ.

“ನನಗೆ ಇರೋ ಒಂದೇ ಸಾಕಾಗೈತೆ ಬಿಡ್ರಿ.”

“ರಕ್ತ ನೀಲಿ. ಅನ್ನದ ಕೊಳವೆ ಮಿದುಳಿನ ನಡುವೆ ತೂರಿಕೊಂಡು ಹೋಗ್ತೈತೆ. ದೊಡ್ಡ ತುತ್ತು ನುಂಗಿದ್ರೆ ಮಿದುಳಿಗೇ ಪೆಟ್ಟು. ಅದಕ್ಕೇ ಕೊಕ್ಕಲ್ಲಿ ಚೂರು ಚೂರು ಮಾಡಿಕೊಂಡು ತಿಂತೈತೆ.”

ಅಂದಿನಿಂದ ನನ್ನ ಮುದ್ದೆಯ ತುತ್ತು ಸಣ್ಣದಾಯಿತು. ಈಗಲೂ ಹಾಗೇ ಇದೆ. ಹೆಂಡತಿ ಇದನ್ನು ಸಂಯಮವೆಂದು ತಿಳಿದಿದ್ದಾಳೆ.

ಆ ಪ್ರಾಣಿಯ ಚಿತ್ರ ಬರೆದು ಮುಗಿಸಿ, ಭರಣಿಯ ಸಮೇತ ಕಲ್ಕತ್ತೆಗೆ ಕಳಿಸಬೇಕೆಂದು ಡಾಕ್ಟರು ಅವರಿಗೆ ಒಪ್ಪಿಸಿದ್ದರು. ಅಂಥದು ಬೇರೆ ಯಾರಿಗೂ ಸಿಕ್ಕಿರಲಿಲ್ಲ. ಡಾಕ್ಟರ ಪುಸ್ತಕ ಆ ಚಿತ್ರಕ್ಕಾಗಿ ಕಾದು ಕೂತಿತ್ತು. ಇವರು ದಿನವೂ ಶಾಲೆ ಬಿಟ್ಟ ಮೇಲೆ ಕಿಟಕಿಯ ಬೆಳಕಿಗೆ ಭರಣಿ ಇಟ್ಟುಕೊಂಡು, ಒಂದೊಂದು ದೀಪವನ್ನೂ ಎಣಿಸಿ, ಅದರ ಜಾಗಕ್ಕೇ ಬೊಟ್ಟಿಡುತ್ತಿದ್ದರು. ಎರಡು ವರ್ಷದಲ್ಲಿ ಎಡಗಡೆ ಮುಗಿದಿತ್ತು.

“ಎಡ ಆಯ್ತಲ್ಲ, ಬಲ ಅದರಂಗೇ ಬರೆದುಬಿಡ್ರಿ,” ಎಂದೆ ನಾನು, ಭರಣಿ ಬೇಗ ಊರು ಬಿಡಲಿ ಎಂಬ ಸದುದ್ದೇಶದಿಂದ.

ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. “ಸೀರೆಗಾದ್ರೆ ಒಂದು ಅಂಚು ನೋಡಿದ್ರೆ ಇನ್ನೊಂದು ಅಂಚು ಗೊತ್ತಾಗ್ತೈತೆ. ಇದರದು ಎರಡಂಚೂ ಬ್ಯಾರೆ ರೀ! ಎಡದ ದೀಪ ಬಲಕ್ಕಿಲ್ಲ. ಬಲಗಣ್ಣಿನ ಸುತ್ತ ಒಂದು ಸುತ್ತು ದೀಪ ಐತೆ, ಎಡಗಣ್ಣಿಗೆ ಅದಿಲ್ಲ. ನೋಡದೆ ಬರೆದ್ರೆ ಸುಳ್ಳಾಗ್ತೈತೆ. ಲೆಕ್ಕದ ಮೇಷ್ಟ್ರಾಗಿ ನೀವೇ ಹಿಂಗಂದ್ರೆ ಹೆಂಗೆ?”

ಇಲ್ಲಿಂದ ಮುಂದಿನದು ನನ್ನ ಬಾಯಿಯ ಪ್ರತಾಪ. ಚಳ್ಳಕೆರೆಯ ಬಿಸಿಲಿಗೆ ಭರಣಿಯ ಸ್ಪಿರಿಟ್ಟು ಆರುತ್ತಿತ್ತು. ಹೆದರಿದವನಿಗೆ ಹೆದರಿಕೆಯ ಮೇಲೆ ಕಣ್ಣಿಡುವುದೇ ಕಸುಬು. ನಾನು ದಿನವೂ ಗಾಜಿನ ಮೇಲೆ ಸೀಮೆಸುಣ್ಣದಿಂದ ಗೀಟು ಹಾಕುತ್ತಿದ್ದೆ. ಗೀಟು ಇಳಿಯುತ್ತಾ ಬಂತು. ಒಂದು ಭಾನುವಾರ ಕ್ಷೌರಕ್ಕೆ ಕೂತಾಗ ನಾಲ್ಕು ಜನರ ನಡುವೆ, “ದಿನಾ ಒಂದು ಕೂದಲಷ್ಟು ಇಳೀತೈತೆ ಕಣ್ರೋ. ಕುಡೀತೈತೋ ಏನೋ,” ಎಂದುಬಿಟ್ಟೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದೇ ವಾರ ಎಣ್ಣೆ ಗಾಣದ ಓಣಿಯಲ್ಲಿ ಇಲಿ ಬಿದ್ದವು.

ಪ್ಲೇಗು ಎಂದರೆ ಏನೆಂದು ಈಗಿನವರಿಗೆ ಹೇಳುವುದು ಕಷ್ಟ. ಮನೆಯ ತೊಲೆಯಿಂದ ಇಲಿ ತೊಪ್ಪನೆ ಬಿದ್ದು ಸುತ್ತು ಹೊಡೆದು ಸಾಯುತ್ತಿತ್ತು. ಆಮೇಲೆ ಜನ ತಮ್ಮ ಕಂಕುಳು ತಾವೇ ಒತ್ತಿ ನೋಡಿಕೊಳ್ಳುತ್ತಿದ್ದರು, ಗಡ್ಡೆ ಎದ್ದಿದೆಯೇ ಎಂದು. ಅಮಲ್ದಾರರ ಹುಕುಂ ಬಂದು ಊರವರೆಲ್ಲ ಮನೆಗಳಿಗೆ ಬೀಗ ಹಾಕಿ, ಹೊರಗೆ ಬಯಲಿನಲ್ಲಿ ಗುಡಿಸಲು ಹಾಕಿಕೊಂಡೆವು. ಡ್ರಾಯಿಂಗ್ ಮೇಷ್ಟ್ರ ಗುಡಿಸಲು ನಮ್ಮದರ ಪಕ್ಕಕ್ಕೆ. ಭರಣಿ ಬೀಗ ಹಾಕಿದ ಶಾಲೆಯಲ್ಲಿ ಉಳಿಯಿತು. ದಿನಕ್ಕೆ ಎರಡು, ಮೂರು ಹೆಣ ಹೋಗುತ್ತಿದ್ದವು. ಗುಡಿಸಲಿಂದ ಗುಡಿಸಲಿಗೆ ಒಂದು ಮಾತು ನಡೆಯುತ್ತಿತ್ತು: “ಶಾಲ್ಯಾಗೊಂದು ಸಮುದ್ರದ ಮಾರಿ ಐತಂತೆ. ಕುಡೀತಿತ್ತಂತೆ. ಈಗ ಕುಡಿಯಾಕೆ ಸಾಲ್ದೆ ಹೊರಗೆ ಬಂದೈತಂತೆ.”

ಮಾರಿಯನ್ನು ಊರಾಚೆ ಕಳಿಸುವ ಕ್ರಮ ನಮ್ಮ ಕಡೆ ಎಲ್ಲರಿಗೂ ಗೊತ್ತು. ಸಣ್ಣ ಮರದ ಗಾಡಿಯಲ್ಲಿ ಕೂರಿಸಿ, ಬೇವಿನ ಸೊಪ್ಪು ಮುಚ್ಚಿ, ಅರಿಶಿನ ಕುಂಕುಮ ಬಳಿದು, ಬೇಡಿದ್ದು ಕೊಟ್ಟು, ಊರ ಗಡಿ ದಾಟಿಸಿ ತಿರುಗಿ ನೋಡದೆ ಬರುವುದು. ಪಕ್ಕದ ಊರಿನವರು ಅದನ್ನು ಕಂಡರೆ ಹೊತ್ತು ಮುಳುಗುವುದರೊಳಗೆ ತಮ್ಮ ಗಡಿಯನ್ನೂ ದಾಟಿಸಬೇಕು. ಹಾಗೆ ಅದು ಊರಿಂದೂರಿಗೆ ಹೋಗುತ್ತದೆ. ಒಂದು ಬೆಳಿಗ್ಗೆ ಊರ ಹಿರಿಯರು ಹೆಡ್‌ಮಾಸ್ತರರ ಗುಡಿಸಲಿಗೆ ಬಂದು ಬೀಗದಕೈ ಕೇಳಿದರು. ಹೆಡ್‌ಮಾಸ್ತರರು ಒಂದು ಸಲ ಕೆಮ್ಮಿ, ಕೊಟ್ಟರು.

ಭರಣಿಯನ್ನು ಗಡಿ ದಾಟಿಸಿದ ಸುದ್ದಿ ತಿಳಿದಾಗ ಡ್ರಾಯಿಂಗ್ ಮೇಷ್ಟ್ರು ಕೂಗಾಡಲಿಲ್ಲ. ಚಿತ್ರದ ಹಾಳೆಯನ್ನು ಹಲಗೆಗೆ ಸುತ್ತಿ, ಅದರ ಮೇಲೆ ಪಂಚೆ ಸುತ್ತಿ, ಹೆಗಲಿಗೆ ಹಾಕಿಕೊಂಡರು. “ಬಲಗಡೆ ಬಾಕಿ ಐತೆ,” ಎಂದು ನಡೆದೇಬಿಟ್ಟರು. ನಾನೂ ಹೊರಟೆ. ಇದನ್ನು ಓದುವವರು ನನ್ನ ಸ್ನೇಹವನ್ನು ಮೆಚ್ಚಬಾರದು. ನಾನು ಜೊತೆಗಿಲ್ಲದಿದ್ದರೆ, ಕುಡಿಯುವ ಸುದ್ದಿ ಹಬ್ಬಿಸಿದವನು ಯಾರೆಂದು ದಾರಿಯಲ್ಲಿ ಯಾರಾದರೂ ಅವರಿಗೆ ಹೇಳಿಬಿಟ್ಟಾರೆಂಬ ಹೆದರಿಕೆಗೆ ಹೋದೆ.

ಯಾವ ಊರಿನವರೂ ನಮ್ಮನ್ನು ಒಳಗೆ ಬಿಡಲಿಲ್ಲ. ಹೊಲದ ಬದುವಿನಲ್ಲಿ ನಿಂತು ಕೂಗಿ ಕೇಳಬೇಕು, ಅವರು ಅತ್ತಲಿಂದ ಕೂಗಿ ಹೇಳಬೇಕು. ತಳಕಿನ ಹತ್ತಿರ ಒಬ್ಬ ಮುದುಕ ಕುರಿ ಮುಂದೆ ನಿಂತು ಕೂಗಿದ: “ದಾಟಿಸಿದ್ವಿ ರೀ! ನಿನ್ನೇನೇ!”

“ಹೆಂಗಿತ್ತು?” ಎಂದರು ಡ್ರಾಯಿಂಗ್ ಮೇಷ್ಟ್ರು, ಕಾಯಿಲೆ ಬಿದ್ದ ಮಗುವನ್ನು ವಿಚಾರಿಸುವಂತೆ.

“ಪಾಪ, ಬಾಯಾರಿತ್ತು. ಕುಡಿಯೋ ಮಾರಿ ಅಂತ ಹೇಳಿ ಕಳಿಸಿದ್ರು. ಮುಚ್ಚಳ ತೆಗೆದು ಕುತ್ತಿಗೆಮಟ ಸಾರಾಯಿ ಹೊಯ್ದು ಕಳಿಸಿದ್ವಿ!”

ಡ್ರಾಯಿಂಗ್ ಮೇಷ್ಟ್ರು ದಾರಿಯ ಮಧ್ಯದಲ್ಲೇ ಕೂತುಬಿಟ್ಟರು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು. “ಸಾರಾಯಿ ಅಂದ್ರೂ ಸ್ಪಿರಿಟ್ಟೇ ಅಲ್ವೇನ್ರಿ! ಕೆಡಲ್ಲ ಅದು! ಯಾವ ಪುಣ್ಯಾತ್ಮ ಕುಡೀತೈತೆ ಅಂತ ಹಬ್ಬಿಸಿದನೋ, ಅವನ ಹೊಟ್ಟೆ ತಣ್ಣಗಿರಲಿ!” ನಾನು ಬೇರೆ ಕಡೆ ನೋಡಿದೆ.

ಮುಂದಿನ ಊರಿನಲ್ಲೂ ಸಾರಾಯಿ. ಅದರ ಮುಂದಿನ ಊರು ಮಡಿವಂತರದು. ಅಲ್ಲಿ ಹಾಲು ಹೊಯ್ದಿದ್ದರು. ಅದನ್ನು ಕೇಳಿ ಅವರ ಮುಖ ಬೂದಿಯಾಯಿತು. ಹಾಲು ಒಡೆದರೆ ಭರಣಿ ಮಬ್ಬಾಗುತ್ತದೆ, ದೀಪ ಕಾಣುವುದಿಲ್ಲ. ಹಾನಗಲ್ಲಿನವರೆಗೂ ಓಡುನಡಿಗೆ. ಅಲ್ಲಿ ಒಬ್ಬಾಕೆ ಬಿದಿರು ತಡಿಕೆಯ ಹಿಂದಿನಿಂದ, “ಹಾಲು ಅದಕ್ಕೆ ಒಗ್ಗಿಲ್ಲ ಕಣ್ರಪ್ಪಾ, ಮಖ ಸಿಂಡರಿಸಿಕೊಂಡಿತ್ತು. ಚೆಲ್ಲಿ, ತೊಳೆದು, ಹೊಸದಾಗಿ ಸಾರಾಯಿ ಹೊಯ್ದ್ವಿ,” ಎಂದಾಗ ಅವರು ನಿಂತಲ್ಲಿಂದಲೇ ಆ ತಡಿಕೆಗೆ ಕೈ ಮುಗಿದರು.

ಮೂರನೆಯ ದಿನ ಇಳಿಹೊತ್ತಿಗೆ ಮೊಳಕಾಲ್ಮೂರನ್ನು ಬಳಸಿ, ಸಿದ್ದಾಪುರದ ಕಡೆಯ ಬಂಡೆಗಳ ನಡುವೆ ಅದನ್ನು ಕಂಡೆವು. ಗಡಿಕಲ್ಲಿಗೆ ಹತ್ತು ಹೆಜ್ಜೆ ಈಚೆಗೆ, ಒಂದು ಬೇಲದ ಮರದ ಕೆಳಗೆ ಗಾಡಿ ನಿಂತಿತ್ತು. ಆ ಕಲ್ಲು ದಾಟಿದರೆ ಮೈಸೂರು ಸೀಮೆ ಮುಗಿದು ಮದರಾಸಿನವರ ಸೀಮೆ. ಮೂವತ್ತು ಮಾರು ದೂರದಲ್ಲಿ ಗಡಿಯ ಈಚೆಗಿನ ಊರಿನವರು ಇಪ್ಪತ್ತು ಜನ ನಿಂತಿದ್ದರು. ಎಲ್ಲರ ಕೈಯಲ್ಲೂ ಕಲ್ಲು. ಅವರ ಮುಖ ನೋಡಿದೆ. ಕೋಪವಿರಲಿಲ್ಲ. ಕನ್ನಡಿಯಲ್ಲಿ ನಾನು ದಿನವೂ ನೋಡುವ ಮುಖವೇ ಇಪ್ಪತ್ತು ಕಡೆ ಇತ್ತು. ಅಂಥ ಮುಖದವರ ಕೈಯಲ್ಲಿ ಕಲ್ಲಿದ್ದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಅವರ ಯಜಮಾನ, ಕಂಬಳಿ ಹೊದ್ದ ಮುದುಕ, ತೆಲುಗಿನಲ್ಲಿ ನಿಲ್ಲಿ ಎಂದು ಕೂಗಿದ. ಡ್ರಾಯಿಂಗ್ ಮೇಷ್ಟ್ರೂ ತೆಲುಗಿನಲ್ಲೇ ಶುರುಮಾಡಿ, ನನಗೂ ತಿಳಿಯಲೆಂದು ಕನ್ನಡಕ್ಕೆ ತಿರುಗಿದರು. “ತಾತಾ, ಹೊತ್ತು ಮುಳುಗೋತನಕ ನೋಡ್ತೀನಿ. ಆಮ್ಯಾಲೆ ನಾನೇ ದಾಟಿಸ್ತೀನಿ. ನಿಮ್ಮೋರು ಯಾರೂ ಮುಟ್ಟಬ್ಯಾಡ್ರಿ.”

“ನೋಡಿ ಏನು ಮಾಡ್ತೀಯಪ್ಪಾ?”

“ಬರಕೊಳ್ತೀನಿ.”

ಮುದುಕ ತನ್ನವರ ಕಡೆ ತಿರುಗಿದ. ಗುಸುಗುಸು ಆಯಿತು. ಮುಟ್ಟಿ ದಾಟಿಸಲು ಅವರಲ್ಲೂ ಯಾರೂ ಮುಂದಾಗಿರಲಿಲ್ಲವೆಂದು ಕಾಣುತ್ತದೆ. “ಆಗಲಿ. ಆದ್ರೆ ದಾಟಿಸಿದ ಮ್ಯಾಲೆ ತಿರುಗಿ ನೋಡಂಗಿಲ್ಲ, ತಿರುಗಿ ಹೋಗಂಗಿಲ್ಲ. ಮೂರು ದಿನ ಆ ಬಂಡೆ ಮರೆಗೆ ಇರಬೇಕು. ಮತ್ತೆ ಆ ಕಡೀಗೆ ಹೆಜ್ಜೆ ಇಟ್ರೆ, ಅಯ್ಯೋರೇ, ನಮ್ಮ ಕೈಯಾಗೇನೈತೆ ನೋಡ್ಕೊಳ್ರಿ.”

ನಾವು ನೋಡಿಕೊಂಡೆವು.

ಭರಣಿ ಕುತ್ತಿಗೆಯವರೆಗೂ ತುಂಬಿತ್ತು. ಕೊರಳಿನಲ್ಲಿ ರೇಷ್ಮೆ ಎಳೆಗಳ ಜೊತೆಗೆ ನಾಲ್ಕೈದು ಊರಿನ ಕರಿಮಣಿ, ಬಳೆ, ನಿಂಬೆಹಣ್ಣಿನ ಸರ. ಗಾಜು ಕಾಣದಂತೆ ಅರಿಶಿನ ಕುಂಕುಮ. ಡ್ರಾಯಿಂಗ್ ಮೇಷ್ಟ್ರು ನೆಲದ ಮೇಲೆ ಕೂತು, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು, ಮಸಿ ಬಾಟಲಿ ತೆಗೆದರು. “ಮೇಷ್ಟ್ರೇ, ಗಾಜು ಒರೆಸಿ, ಬಲಗಡೆ ಈ ಕಡೀಗೆ ಮಾಡಿ, ಬಿಸಿಲಿಗೆ ಎತ್ತಿ ಹಿಡೀರಿ.”

“ನಾನಾ?”

“ನನಗೆ ಎರಡೇ ಕೈ. ಎಂಟಿದ್ದಿದ್ರೆ ನಿಮ್ಮನ್ನ ಕೇಳ್ತಿರಲಿಲ್ಲ.”

“ನನಗೆ ಹೆದರಿಕೆ ಐತ್ರೀ.”

“ಗೊತ್ತು. ಅದಕ್ಕೇ ನೀವಾಗಬೇಕು. ಹೆದರಿದೋನು ಕೈ ಸಡಿಲ ಬಿಡಲ್ಲ.”

ಮಾರಿಯ ಅರಿಶಿನ ಒರೆಸಿದ ಕೈ ಏನಾಗುತ್ತದೆಂದು ಅವ್ವ ಚಿಕ್ಕಂದಿನಲ್ಲಿ ಹೇಳಿದ್ದೆಲ್ಲ ನನಗೆ ನೆನಪಿತ್ತು. ಉತ್ತರೀಯದ ತುದಿಯಿಂದ ಒರೆಸಿದೆ. ಒರೆಸುವಾಗ ಆ ಇಪ್ಪತ್ತು ಜನ ಒಟ್ಟಿಗೇ ಉಸಿರೆಳೆದುಕೊಂಡದ್ದು ಕೇಳಿಸಿತು. ಡ್ರಾಯಿಂಗ್ ಮೇಷ್ಟ್ರ ಬಲಕ್ಕೆ, ಭುಜಕ್ಕೆ ಭುಜ ತಾಗುವಂತೆ ಕೂತು, ಎರಡು ಕೈಯಲ್ಲೂ ಭರಣಿಯನ್ನು ಇಬ್ಬರ ಮುಂದೆ ಎತ್ತಿ ಹಿಡಿದೆ. ಸಾರಾಯಿ ಘಮ್ಮೆಂದಿತು. ಒಳಗೆ ಅದು ಮೆಲ್ಲಗೆ ಓಲಾಡಿ ನಿಂತಿತು.

ಬಣ್ಣ ತುಂಬುವುದು ಆಮೇಲೆ, ಈಗ ದೀಪಗಳ ಜಾಗ ಗುರುತಿಸಿದರೆ ಸಾಕೆಂದು ಅವರು ಬರೆಯತೊಡಗಿದರು. ತಲೆ ಎತ್ತುವುದು, ನೋಡುವುದು, ಬೊಟ್ಟಿಡುವುದು. ನಾನು ಎತ್ತ ನೋಡಲಿ? ಜನರ ಕಡೆ ನೋಡಿದರೆ ಕಲ್ಲು. ಕಣ್ಣು ಮುಚ್ಚಿದರೆ ಕಂಕುಳಲ್ಲಿ ನೋವು ಶುರುವಾದಂತೆ ಆಗುತ್ತಿತ್ತು. ಕೊನೆಗೆ ಆ ಅಡಿಕೆಯಂಥ ಬಲಗಣ್ಣನ್ನೇ ನೋಡಿದೆ. ದೇವರ ನಾಮ ಬಾಯಿಗೆ ಬರಲಿಲ್ಲ. ಬಂದದ್ದು ಎಣಿಕೆ. ಕಣ್ಣಿನ ಸುತ್ತಲ ದೀಪಗಳನ್ನು ಎಣಿಸಿದೆ. ಮುಗಿದರೆ ಮತ್ತೆ ಮೊದಲಿಂದ. ಹೊತ್ತು ಮುಳುಗುವವರೆಗೂ ನೂರಾರು ಸಲ ಎಣಿಸಿರಬೇಕು. ಪ್ರತಿ ಸಲವೂ ಹದಿನೇಳು. ಲೆಕ್ಕದ ಮೇಷ್ಟ್ರಾಗಿ ನಾನು ಇಡೀ ಜೀವಮಾನದಲ್ಲಿ ಅಷ್ಟು ನಿಖರವಾಗಿ ಏನನ್ನೂ ಎಣಿಸಿಲ್ಲ.

ಬಂಡೆಯ ತಲೆಗೆ ಸೂರ್ಯ ತಾಗಿದಾಗ ಅವರು ಲೇಖನಿ ಕೆಳಗಿಟ್ಟರು. ಭರಣಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಗಾಡಿಯಲ್ಲಿ ಕೂರಿಸಿ, ಬೇವಿನ ಸೊಪ್ಪು ಸರಿಮಾಡಿ, ತಾವೇ ಎಳೆದು ಗಡಿಕಲ್ಲು ದಾಟಿಸಿದರು. ಆಚೆ ದೂರದಲ್ಲಿ ಯಾರೋ ಕೂಗಿಕೊಂಡು ಓಡಿದ್ದು ಕೇಳಿಸಿತು. ಇಬ್ಬರೂ ತಿರುಗಿ ನೋಡದೆ ಬಂಡೆಯ ಮರೆಗೆ ಬಂದು ಕೂತೆವು. ಇನ್ನೂ ಬೆಳಕಿತ್ತು. ಕಲ್ಲು ಹಿಡಿದವರು ಕದಲಿರಲಿಲ್ಲ.

“ಪ್ಲೇಗು ಇಳೀಲಿ, ಆ ಕಡೆಯಿಂದ ಹೋಗಿ ತರ್ತೀನಿ,” ಎಂದು ಅವರು ಹಾಳೆ ಬಿಡಿಸಿದರು. “ಒಂದು ಸಲ ನೋಡ್ರಿ. ಬಲಗಣ್ಣಿನ ಸುತ್ತ ಹದಿನಾರು. ನೀವೂ ಬಿಟ್ಟ ಕಣ್ಣು ಬಿಟ್ಟಂಗೆ ನೋಡ್ತಿದ್ರಿ. ಹದಿನಾರೇ ಅಲ್ವಾ?”

ನಾನು ನೋಡಿದೆ. ಚೆಲುವಾದ ಚಿತ್ರ. ಕಣ್ಣಿನ ಸುತ್ತಲ ದೀಪಗಳ ಸಾಲಿನಲ್ಲಿ ಒಂದು ಕಡೆ ಮಾತ್ರ ಸ್ವಲ್ಪ ತೆರವಿತ್ತು. ಆ ತೆರವಿನ ಆಕಾರ ನನಗೆ ಗೊತ್ತಿತ್ತು. ಅಷ್ಟು ಹೊತ್ತೂ ಅಲ್ಲಿ ನನ್ನ ಹೆಬ್ಬೆರಳಿತ್ತು. ನಾನು ಕೂತ ಕಡೆಯಿಂದ ಬೆರಳಿನ ಆಚೆಗಿನ ದೀಪ ನನಗೆ ಕಾಣುತ್ತಿತ್ತು, ಅವರು ಕೂತ ಕಡೆಗೆ ಕಾಣುತ್ತಿರಲಿಲ್ಲ. ಹೆದರಿದವನು ಕೈ ಸಡಿಲ ಬಿಡಲಿಲ್ಲ.

ಗಾಡಿ ಇನ್ನೂ ಅಲ್ಲೇ, ಗಡಿಕಲ್ಲಿನ ಆಚೆ ಹತ್ತು ಹೆಜ್ಜೆಯಲ್ಲಿ ಇದ್ದಿರಬೇಕು. ಹದಿನಾರಲ್ಲ ಎಂದಿದ್ದರೆ ಅವರು ಎದ್ದು ಹೋಗುತ್ತಿದ್ದರು. ಕಲ್ಲಲ್ಲ, ಕೋವಿ ಇದ್ದರೂ ಹೋಗುತ್ತಿದ್ದರು. ಅವರ ತಲೆ ಉಳಿಸಲು ಸುಳ್ಳು ಹೇಳಿದೆನೆಂದು ಎಷ್ಟೋ ವರ್ಷ ನನಗೆ ನಾನೇ ವಾದ ಮಾಡಿಕೊಂಡಿದ್ದೇನೆ. ಒಳ್ಳೆಯ ವಾದ, ಯಾವ ಕೋರ್ಟಿನಲ್ಲಾದರೂ ಗೆಲ್ಲುತ್ತದೆ. ನಿಜ ಬೇರೆ. ಅವರು ಹೋದರೆ, ಭರಣಿ ಹಿಡಿಯಲು ನನ್ನನ್ನೂ ಕರೆಯುತ್ತಿದ್ದರು.

“ಹದಿನಾರೇ,” ಎಂದೆ.

“ಸದ್ಯ!” ಎಂದು ಅವರು ನನ್ನ ಬೆನ್ನು ತಟ್ಟಿದರು.

ಬೇಸಗೆಗೆ ಪ್ಲೇಗು ಇಳಿಯಿತು. ಅವರು ಆಚೆ ಸೀಮೆಯಲ್ಲಿ ತಿಂಗಳುಗಟ್ಟಲೆ ಅಲೆದರು. ರಾಯದುರ್ಗದವರೆಗೆ ಅದರ ಜಾಡು ಸಿಕ್ಕಿತು. ಅಲ್ಲಿಂದಾಚೆಗೆ ಒಬ್ಬರು ಬಳ್ಳಾರಿ ಕಡೆ ಎಂದರು, ಒಬ್ಬರು ಹೊಳೆಗೆ ಬಿಟ್ಟರು ಎಂದರು. ಸಿಗಲಿಲ್ಲ. ಡಾಕ್ಟರಿಗೆ ಹೋದದ್ದು ಚಿತ್ರ ಮಾತ್ರ. ಆ ಪ್ರಾಣಿಗೆ ಈ ಲೋಕದಲ್ಲಿ ಉಳಿದ ಸಾಕ್ಷಿಯೂ ಅದೊಂದೇ.

ಪುಸ್ತಕ ಬರಲು ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ಅವರು ಕೆಲಸ ಬಿಟ್ಟು ಮೊಳಕಾಲ್ಮೂರಿಗೆ ಮಗ್ಗಕ್ಕೆ ಮರಳಿದ್ದರು. ಪುಸ್ತಕ ಕೈಗೆ ಬಂದ ವಾರವೇ ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಎತ್ತಿನ ಗಾಡಿಯಲ್ಲಿ ಚಳ್ಳಕೆರೆಗೆ ಬಂದರು. ಇಡೀ ಪುಟದ ಚಿತ್ರ, ಕಿರಮಂಜಿ ಬಣ್ಣದ್ದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ದೀಪಗಳ ಎಣಿಕೆಯನ್ನು ಚಳ್ಳಕೆರೆಯ ಗಣಿತದ ಉಪಾಧ್ಯಾಯರೊಬ್ಬರು ಸ್ಥಳದಲ್ಲೇ ಸರಿನೋಡಿದ್ದಾರೆ ಎಂದು.

“ನಾನೇ ಬರೆದು ಕಳಿಸಿದ್ದೆ. ನಿಮ್ಮ ಹೆಸರೂ ಬರೆದಿದ್ದೆ, ಅದನ್ನ ಬಿಟ್ಟವರೆ,” ಎಂದು ಕೊಂಚ ಬೇಸರದಿಂದ ಹೇಳಿ, ಬೆರಳನ್ನು ಬಲಗಣ್ಣಿನ ಸುತ್ತ ಓಡಿಸುತ್ತಾ ತೆಲುಗಿನಲ್ಲಿ ಎಣಿಸಿದರು. ಒಕಟಿ, ರೆಂಡು, ಮೂಡು. ಪದಾರು ಎಂದು ಹದಿನಾರಕ್ಕೆ ಬೆರಳು ನಿಂತಿತು. ಅಲ್ಲೇ ಪಕ್ಕದಲ್ಲಿ ತೆರವು. ತಲೆ ಎತ್ತಿ ನನ್ನ ಮುಖ ನೋಡಿದರು. ಆಗ ಕಲ್ಲು ಹಿಡಿದವರು ಯಾರೂ ಇರಲಿಲ್ಲ. ಜಗಲಿಯ ಮೇಲೆ ನಾವಿಬ್ಬರೇ, ಒಳಗೆ ಹೆಂಡತಿ ಕಾಫಿ ಸೋಸುತ್ತಿದ್ದಳು. ನಾನು ಹೌದೆಂದು ತಲೆಯಾಡಿಸಿದೆ.

ಮೇಷ್ಟ್ರೇ, ಅದು ಹದಿನೇಳು. ಬಿಟ್ಟುಹೋದದ್ದು ಕಣ್ಣಿನ ಕೆಳಗೆ, ತೋಳುಗಳ ಕಡೆಗೆ ಇತ್ತು. ಉಳಿದವುಗಳಿಗಿಂತ ಕೊಂಚ ಸಣ್ಣದು, ಸಾಲಿನಿಂದ ಒಂದು ಎಳೆಯಷ್ಟು ಹೊರಗೆ. ಬಣ್ಣ ಹೇಳಲು ಮಾತ್ರ ನನಗೆ ಬರುವುದಿಲ್ಲ.